ಬೆಟ್ಟಕ್ಕೆ ಮೊದಲ ದುರ್ಬೀನು: ದುಡ್ಡು ದಂಡವಾಗದಂತೆ ಆರಿಸುವುದು ಹೇಗೆ?

ಕೋಲಾರ: ಮಳೆಗಾಲ ಮುಗಿದು ಚಳಿ ಬಿದ್ದ ಕೂಡಲೇ ಅಂತರಗಂಗೆ, ಆವಣಿ, ಕುರುಡುಮಲೆ, ಟೇಕಲ್ ಕಡೆ ಬೆಟ್ಟ ಹತ್ತೋರು ಜಾಸ್ತಿಯಾಗುತ್ತಾರೆ. ಅವರ ಬ್ಯಾಗಿನಲ್ಲಿ ಈಗ ನೀರಿನ ಬಾಟಲಿ, ಚಿತ್ರಾನ್ನದ ಡಬ್ಬಿ ಜೊತೆಗೆ ಇನ್ನೊಂದು ವಸ್ತು ಕಾಣಿಸುತ್ತಿದೆ, ಅದೇ ದುರ್ಬೀನು. ಅಂಗಡಿಯವರ ಭಾಷೆಯಲ್ಲಿ ಬೈನಾಕ್ಯುಲರ್. ಜಾತ್ರೆಯಲ್ಲಿ ಮುನ್ನೂರು ರೂಪಾಯಿಗೂ ಸಿಗುತ್ತೆ, ಆನ್‌ಲೈನ್‌ನಲ್ಲಿ ಮೂವತ್ತು ಸಾವಿರಕ್ಕೂ ಸಿಗುತ್ತೆ. ಮೊದಲ ಸಲ ಕೊಳ್ಳೋರು ಎಡವುವುದು ಇಲ್ಲೇ. "20 ಪಟ್ಟು ದೊಡ್ಡದಾಗಿ ಕಾಣುತ್ತೆ" ಅಂತ ತಂದದ್ದು ಬೆಟ್ಟದ ಮೇಲೆ ಕಣ್ಣಿಗಿಟ್ಟರೆ ಮಸುಕು, ನಡುಕ, ಎರಡೆರಡು ಬಿಂಬ. ಎರಡನೇ ಸಲದಿಂದ ಅದು ಅಟ್ಟ ಸೇರುತ್ತೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಬೆಟ್ಟ, ಕೆರೆ, ತೋಟಗಳಿಗೆ ಹೊಂದುವ ದುರ್ಬೀನು ಯಾವುದು, ಎಷ್ಟು ಖರ್ಚು ಮಾಡಬೇಕು, ಅಂಗಡಿಯಲ್ಲಿ ಏನೇನು ಪರೀಕ್ಷೆ ಮಾಡಬೇಕು ಎಂಬ ವಿವರ ಇಲ್ಲಿದೆ.

ಮೊದಲು ಕಾನೂನಿನ ಮಾತು

ಬೇರೆ ದೇಶಗಳಲ್ಲಿ ಈ ಥರದ ದುರ್ಬೀನು, ಸ್ಪಾಟಿಂಗ್ ಸ್ಕೋಪುಗಳನ್ನು ಬೆಟ್ಟದ ಬೇಟೆಗೆ ಅಂತಲೇ ಮಾರುತ್ತಾರೆ. ಅಲ್ಲಿನ ವಿಡಿಯೊ ನೋಡಿ ಇಲ್ಲಿ ಆಸೆ ಪಡುವವರೂ ಇದ್ದಾರೆ. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಬೇಟೆ ಅಪರಾಧ. ಕೊಲ್ಲುವುದಷ್ಟೇ ಅಲ್ಲ, ಉರುಳು ಹಾಕುವುದು, ಬಲೆ ಒಡ್ಡುವುದು, ವಿಷ ಇಡುವುದು, ಹಕ್ಕಿಯ ಮೊಟ್ಟೆ, ಗೂಡು ಹಾಳು ಮಾಡುವುದು, ಇವುಗಳಿಗೆ ಪ್ರಯತ್ನ ಪಡುವುದು ಕೂಡ ಕಾಯ್ದೆಯ ಕಣ್ಣಿನಲ್ಲಿ ಬೇಟೆಯೇ. "ಮೊಲ ತಾನೆ, ಕೌಜುಗ ತಾನೆ" ಅನ್ನೋ ವಿನಾಯಿತಿ ಇಲ್ಲ. ನವಿಲು, ಕೃಷ್ಣಮೃಗ, ಚಿರತೆಯಂಥ ಮೊದಲ ಪಟ್ಟಿಯ ಪ್ರಾಣಿಗಳ ವಿಚಾರದಲ್ಲಿ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ.

ಹಂದಿ, ನವಿಲು ಬೆಳೆ ಹಾಳು ಮಾಡಿದರೆ ಅದಕ್ಕಿರುವ ದಾರಿ ಬೇರೆ. ಫೋಟೊ ತೆಗೆದು, ಪಹಣಿ ಜೊತೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಬೇಕು. ಹಾಗಾಗಿ ಇಲ್ಲಿ ದುರ್ಬೀನು ಅಂದರೆ ನೋಡುವುದಕ್ಕೆ ಮಾತ್ರ. ಹಿಂದೆ ಬೇಟೆಗಾರನಿಗೆ ಬೇಕಿದ್ದ ತಾಳ್ಮೆ, ಗಾಳಿಯ ದಿಕ್ಕಿನ ಅರಿವು, ಸದ್ದಿಲ್ಲದ ನಡಿಗೆ ಇವತ್ತು ಹಕ್ಕಿ ನೋಡುವವನಿಗೂ ಬೇಕು. ಕೋವಿಗೆ ಹಾಕುವ ಸ್ಕೋಪನ್ನು ಮಾತ್ರ "ಅಗ್ಗಕ್ಕೆ ಸಿಕ್ತು" ಅಂತ ತರಬಾರದು. ಅದರಲ್ಲಿ ಕಾಣುವ ಜಾಗ ಕಿರಿದು, ಒಂದೇ ಕಣ್ಣಿಗೆ ಕೆಲಸ. ಕಾಡಂಚಿನಲ್ಲಿ ಸಿಕ್ಕಿಬಿದ್ದರೆ ಉತ್ತರ ಹೇಳೋದೂ ಕಷ್ಟ.

ಡಬ್ಬದ ಮೇಲಿನ 8×42 ಅಂದರೇನು?

ಪ್ರತಿ ದುರ್ಬೀನಿನ ಮೇಲೂ ಎರಡು ಅಂಕಿ ಇರುತ್ತವೆ. ಮೊದಲನೆಯದು ಎಷ್ಟು ಪಟ್ಟು ಹತ್ತಿರ ಕಾಣುತ್ತೆ ಅನ್ನುವುದು. 8 ಅಂತಿದ್ದರೆ 800 ಮೀಟರ್ ದೂರದ ಬಂಡೆ 100 ಮೀಟರ್ ದೂರದಲ್ಲಿ ನಿಂತು ನೋಡಿದ ಹಾಗೆ ಕಾಣುತ್ತೆ. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಗಾಜು ಅಗಲವಾದಷ್ಟೂ ಬೆಳಕು ಹೆಚ್ಚು, ತೂಕವೂ ಹೆಚ್ಚು.

ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತೆ. 8×42ರಲ್ಲಿ ಅದು 5.25 ಮಿ.ಮೀ. 10×42ರಲ್ಲಿ 4.2. ಜೇಬಿಗೆ ಹಿಡಿಯುವ 10×25ರಲ್ಲಿ 2.5 ಮಾತ್ರ. ಮಟಮಟ ಮಧ್ಯಾಹ್ನ ಮನುಷ್ಯನ ಕಣ್ಣಿನ ಪಾಪೆ 2ರಿಂದ 3 ಮಿ.ಮೀ. ಅಷ್ಟೇ ತೆರೆದಿರುತ್ತೆ, ಆಗ ಚಿಕ್ಕದೂ ಸಾಕು. ಆದರೆ ಪ್ರಾಣಿ ಪಕ್ಷಿ ಓಡಾಡುವುದು ಬೆಳಗಿನ ಜಾವ, ಸಂಜೆಗತ್ತಲಲ್ಲಿ. ಆ ಹೊತ್ತಿಗೆ ಪಾಪೆ 5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಹಿಗ್ಗುತ್ತೆ. 10×25 ಆಗ ಕತ್ತಲೆ ಕೋಣೆಯ ಕಿಟಕಿಯಿಂದ ನೋಡಿದಂತಿರುತ್ತೆ. 8×42 ಅದೇ ಹೊತ್ತಲ್ಲಿ ಬಂಡೆ ಮೇಲೆ ಕೂತ ಕೊಂಬಿನ ಗೂಬೆಯ ಕಿವಿಗರಿಯನ್ನೂ ತೋರಿಸಬಲ್ಲದು.

ಜಾಸ್ತಿ ಪಟ್ಟು, ಜಾಸ್ತಿ ನಡುಕ

ಹತ್ತಕ್ಕಿಂತ ಎಂಟು ಯಾಕೆ ಮೇಲು ಅಂತ ಕೇಳುವವರೇ ಹೆಚ್ಚು. ಕಾರಣ ಕೈ. ದುರ್ಬೀನು ದೃಶ್ಯವನ್ನು ದೊಡ್ಡದು ಮಾಡುವಾಗ ಕೈಯ ನಡುಕವನ್ನೂ ಅಷ್ಟೇ ದೊಡ್ಡದು ಮಾಡುತ್ತೆ. ಅಂತರಗಂಗೆಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನಿಂತವನ ಕೈಯಲ್ಲಿ 10 ಪಟ್ಟೇ ಅಲುಗಾಡುತ್ತೆ. 16, 20 ಪಟ್ಟಿನದನ್ನು ಬರಿಗೈಲಿ ಹಿಡಿದು ನೋಡಲು ಆಗುವುದಿಲ್ಲ, ಸ್ಟ್ಯಾಂಡ್ ಬೇಕೇಬೇಕು.

ಇನ್ನೊಂದು ಕಾರಣ ಕಾಣುವ ಜಾಗದ ಅಗಲ. ಸಾಮಾನ್ಯ 8 ಪಟ್ಟಿನ ದುರ್ಬೀನಿನಲ್ಲಿ ನೋಟದ ಕೋನ 7ರಿಂದ 8 ಡಿಗ್ರಿ. ಅಂದರೆ 1,000 ಮೀಟರ್ ದೂರದಲ್ಲಿ 122ರಿಂದ 140 ಮೀಟರ್ ಅಗಲದ ಜಾಗ ಒಂದೇ ನೋಟಕ್ಕೆ ಸಿಗುತ್ತೆ. 10 ಪಟ್ಟಿನಲ್ಲಿ 6 ಡಿಗ್ರಿ ಇದ್ದರೆ ಸುಮಾರು 105 ಮೀಟರ್. ಹಾರುವ ಗಿಡುಗವನ್ನು, ಪೊದೆಯಿಂದ ಪೊದೆಗೆ ಜಿಗಿಯುವ ಪಿಕಳಾರವನ್ನು ಹುಡುಕುವ ಹೊಸಬನಿಗೆ ಈ ವ್ಯತ್ಯಾಸ ದೊಡ್ಡದು. ಮೊದಲ ದಿನ ಹೆಚ್ಚಿನವರು ಸೋಲುವುದು ಹಕ್ಕಿ ಚಿಕ್ಕದಾಗಿ ಕಂಡಿತು ಅಂತಲ್ಲ, ಹಕ್ಕಿ ಸಿಗಲೇ ಇಲ್ಲ ಅಂತ.

ಹಾಗಾಗಿ ಮೊದಲ ದುರ್ಬೀನು 8×40 ಅಥವಾ 8×42 ಇರಲಿ. ಬಯಲು, ಕೆರೆ ಜಾಸ್ತಿ ನೋಡುವವರು, ಕೈ ಸ್ಥಿರ ಇರುವವರು 10×42 ತಗೋಬಹುದು. "ಜೂಮ್" ಅಂತ ಬರೆದಿರುವ, 10ರಿಂದ 100 ಪಟ್ಟು ಎಂದು ಹೇಳುವ ಅಗ್ಗದ ಸಾಮಾನಿನಿಂದ ದೂರ ಇರುವುದು ಒಳ್ಳೆಯದು. ಆ ಗಾತ್ರದ ಗಾಜಿನಲ್ಲಿ ಅಷ್ಟು ಪಟ್ಟು ಬಂದರೂ ಕಾಣುವುದು ಮಬ್ಬು ಮಾತ್ರ.

ಡೊಂಕು ಕೊಳವೆಯೋ, ನೇರ ಕೊಳವೆಯೋ?

ದುರ್ಬೀನಿನ ಒಳಗೆ ತಲೆಕೆಳಗಾದ ಬಿಂಬವನ್ನು ನೆಟ್ಟಗೆ ಮಾಡುವ ಪ್ರಿಸಮ್ ಇರುತ್ತೆ. ಇದರಲ್ಲಿ ಎರಡು ಜಾತಿ. ಮುಂದಿನ ಗಾಜು ಅಗಲಕ್ಕಿದ್ದು, ಕಣ್ಣಿಡುವ ಭಾಗ ಒಳಕ್ಕೆ ಸರಿದಿರುವ ಡೊಂಕು ಆಕಾರದ್ದು ಪೊರೊ. ಎರಡು ನೇರ ಕೊಳವೆ ಜೋಡಿಸಿದ ಹಾಗಿರುವುದು ರೂಫ್.

ರೂಫ್ ಪ್ರಿಸಮ್ ನೋಡೋಕೆ ಚೆಂದ, ತೂಕ ಕಡಿಮೆ, ನೀರು ನುಗ್ಗದಂತೆ ಮುಚ್ಚುವುದೂ ಸುಲಭ. ಆದರೆ ಅದರ ಪ್ರಿಸಮನ್ನು ಬಹಳ ನಿಖರವಾಗಿ ಕೊರೆಯಬೇಕು, ಮೇಲೆ ವಿಶೇಷ ಲೇಪನ ಬೇಕು. ಅದಕ್ಕೆ ದುಡ್ಡು ಬೇಕು. ಕಡಿಮೆ ಬೆಲೆಯಲ್ಲಿ ರೂಫ್ ಕೊಡುವವರು ಇಲ್ಲೇ ಉಳಿತಾಯ ಮಾಡುತ್ತಾರೆ. ಪೊರೊ ಮಾಡುವುದು ಅಷ್ಟು ಕಷ್ಟವಲ್ಲ. ಆದ್ದರಿಂದ ಹತ್ತು ಸಾವಿರದ ಒಳಗೆ ಒಂದೇ ಬೆಲೆಯ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಮಾನ್ಯವಾಗಿ ಡೊಂಕು ಕೊಳವೆಯದ್ದೇ ಸ್ಪಷ್ಟವಾಗಿ ಕಾಣುತ್ತೆ. ಅದರ ಕೊರತೆ ಎಂದರೆ ಗಾತ್ರ ದೊಡ್ಡದು, ಹೆಚ್ಚಿನವು ಮಳೆ ತಡೆಯುವುದಿಲ್ಲ.

ಎಷ್ಟು ದುಡ್ಡಿಗೆ ಏನು ಸಿಗುತ್ತೆ?

ಬೆಲೆ ಆಗಾಗ ಬದಲಾಗುತ್ತೆ, ಆದ್ದರಿಂದ ಇವು ಅಂದಾಜು.

2,000 ರೂಪಾಯಿ ಒಳಗೆ: ಬಹುತೇಕ ಮಕ್ಕಳ ಆಟಿಕೆ. ಗಾಜಿನ ಬದಲು ಪ್ಲಾಸ್ಟಿಕ್ ಇರುವುದೂ ಉಂಟು. ಮಗುವಿಗೆ ಕೊಡಲು ಸರಿ, ಬೆಟ್ಟಕ್ಕೆ ಬೇಡ.

5,000ದಿಂದ 10,000: ಮೊದಲ ಖರೀದಿಗೆ ಹೆಚ್ಚಿನವರಿಗೆ ಇದೇ ಸರಿಯಾದ ಮಟ್ಟ. ಹೆಸರಿರುವ ಕಂಪನಿಗಳ ಪೊರೊ ದುರ್ಬೀನು ಸಿಗುತ್ತವೆ. ನಿಕಾನ್ ಅಕ್ಯುಲಾನ್ ಎ211 8×42, ಒಲಿಂಪಸ್ 8×40 ಡಿಪಿಎಸ್ ಐ ಈ ಜಾತಿಗೆ ಉದಾಹರಣೆ. ಎರಡೂ 700 ಗ್ರಾಂಗಿಂತ ಜಾಸ್ತಿ ತೂಕ. ಕಣ್ಣು ಮತ್ತು ಗಾಜಿನ ನಡುವೆ ಬಿಡಬಹುದಾದ ಅಂತರ ಎರಡರಲ್ಲೂ ಸುಮಾರು 12 ಮಿ.ಮೀ., ಹಾಗಾಗಿ ಕನ್ನಡಕ ಹಾಕುವವರು ಕೊಳ್ಳುವ ಮೊದಲು ಹಾಕಿಕೊಂಡೇ ನೋಡಬೇಕು.

10,000ದಿಂದ 20,000: ನೀರು ನುಗ್ಗದ, ಒಳಗೆ ನೈಟ್ರೋಜನ್ ತುಂಬಿ ಮಂಜು ಕಟ್ಟದಂತೆ ಮಾಡಿದ ರೂಫ್ ದುರ್ಬೀನು. ಸೆಲೆಸ್ಟ್ರಾನ್ ನೇಚರ್ ಡಿಎಕ್ಸ್ 8×42 ಈ ಜಾತಿಯದ್ದು. ಕನ್ನಡಕದವರಿಗೂ ಮಳೆಯಲ್ಲಿ ಓಡಾಡುವವರಿಗೂ ಅನುಕೂಲ.

ಅದಕ್ಕಿಂತ ಮೇಲಿನದು ಮೊದಲ ವರ್ಷಕ್ಕೆ ಅಗತ್ಯವಿಲ್ಲ. ನಾಲ್ಕು ಜನ ಸ್ನೇಹಿತರು ತಲಾ ಎರಡು ಸಾವಿರದಂತೆ ನಾಲ್ಕು ಆಟಿಕೆ ಕೊಳ್ಳುವ ಬದಲು ಎಂಟು ಸಾವಿರಕ್ಕೆ ಒಂದು ಒಳ್ಳೆಯದನ್ನು ಕೊಂಡು ಹಂಚಿಕೊಂಡರೆ ನಾಲ್ವರಿಗೂ ಲಾಭ.

ಸ್ಪಾಟಿಂಗ್ ಸ್ಕೋಪ್ ಬೇಕಾ?

15–45×60 ಅಥವಾ 20–60×60 ಎಂಬ ಒಂಟಿ ಕಣ್ಣಿನ ಸ್ಕೋಪ್ ನೋಡಿ ಮನಸೋಲುವವರಿದ್ದಾರೆ. ಇದಕ್ಕೆ ಗಟ್ಟಿ ಟ್ರೈಪಾಡ್ ಇಲ್ಲದೆ ಕೆಲಸವಿಲ್ಲ. ಟ್ರೈಪಾಡ್ ಸೇರಿಸಿದರೆ ಒಳ್ಳೆ ದುರ್ಬೀನಿಗಿಂತ ಖರ್ಚು ಜಾಸ್ತಿ, ಹೊರೆಯೂ ಜಾಸ್ತಿ. ಇಲ್ಲಿನ ಬೆಟ್ಟಗಳೆಲ್ಲ ಕಲ್ಲುಬಂಡೆ. ಬಿಸಿಲೇರಿದರೆ ಬಂಡೆ ಕಾದು ಗಾಳಿ ನೀರಿನಂತೆ ಅಲೆಯಾಡುತ್ತೆ. ಆಗ 40 ಪಟ್ಟು ಇಟ್ಟರೆ ಕಾಣುವುದು ಆ ಅಲೆಯೇ.

ಸ್ಕೋಪಿಗೆ ಸರಿಯಾದ ಜಾಗ ಕೆರೆದಂಡೆ. ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ನರಸಾಪುರ ಭಾಗದ ಕೆರೆಗಳಲ್ಲಿ ನೀರು ನಿಂತಿದೆ, ನೀರಿನ ಜೊತೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನಾಮದ ಕೋಳಿಗಳೂ ಬಂದಿವೆ. ಕೆರೆ ನಡುವಿನ ಬಾತುಗಳ ಜಾತಿ ಗುರುತಿಸಲು ಸ್ಕೋಪ್ ಉಪಯೋಗಕ್ಕೆ ಬರುತ್ತೆ. ಆದರೆ ಅದು ಎರಡನೇ ಖರೀದಿ, ಮೊದಲನೆಯದಲ್ಲ.

ಅಂಗಡಿಯಲ್ಲಿ ಹತ್ತು ನಿಮಿಷದ ಪರೀಕ್ಷೆ

ಕೌಂಟರ್ ಒಳಗೆ ನೋಡಿದರೆ ಎಲ್ಲವೂ ಚೆನ್ನಾಗೇ ಕಾಣುತ್ತೆ. ಬಾಗಿಲಿಗೆ ಬಂದು ರಸ್ತೆಯ ಕಡೆ ನೋಡಬೇಕು.

1. ದೂರದ ಅಂಗಡಿ ಬೋರ್ಡಿನ ಸಣ್ಣಕ್ಷರ ಓದಬೇಕು. ನಡುವೆ ಸ್ಪಷ್ಟ, ಅಂಚಿನಲ್ಲಿ ತುಸು ಮಬ್ಬು ಇದ್ದರೆ ಪರವಾಗಿಲ್ಲ. ನಡುವೆಯೇ ಮಬ್ಬಿದ್ದರೆ ಬೇಡ.

2. ಕರೆಂಟ್ ತಂತಿ ನೋಡಬೇಕು. ಒಂದು ತಂತಿ ಎರಡಾಗಿ ಕಂಡರೆ, ಅಥವಾ ಎರಡು ನಿಮಿಷಕ್ಕೆ ತಲೆ ಭಾರವಾದರೆ ಎರಡು ಕೊಳವೆ ಒಂದೇ ದಿಕ್ಕಿಗೆ ಇಲ್ಲ ಎಂದರ್ಥ. ಅದನ್ನು ಮನೆಯಲ್ಲಿ ಸರಿಮಾಡಲು ಆಗದು.

3. ಆಕಾಶದ ಎದುರು ಕೂತ ಕಾಗೆಯ ಅಂಚು ನೋಡಬೇಕು. ನೇರಳೆ, ಹಸಿರು ಗೆರೆ ದಪ್ಪಗೆ ಕಂಡರೆ ಗಾಜು ಕಳಪೆ.

4. ದುರ್ಬೀನನ್ನು ಒಂದು ಮೊಳ ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿ ಕಣ್ಣಿಡುವ ಗಾಜಿನಲ್ಲಿ ಕಾಣುವ ಬೆಳಕಿನ ಬಿಲ್ಲೆ ನೋಡಬೇಕು. ದುಂಡಗಿದ್ದರೆ ಒಳ್ಳೆಯದು. ಅಂಚು ಕತ್ತರಿಸಿದಂತೆ ಚೌಕವಾಗಿ, ಮಬ್ಬಾಗಿ ಕಂಡರೆ ಪ್ರಿಸಮ್ ಅಗ್ಗದ್ದು. ಡಬ್ಬದ ಮೇಲೆ ಬಿಎಕೆ4 ಅಂತಿದ್ದರೆ ಸಾಮಾನ್ಯವಾಗಿ ಬಿಕೆ7ಗಿಂತ ಮೇಲು.

5. ಮುಂದಿನ ಗಾಜಿನಲ್ಲಿ ಟ್ಯೂಬ್‌ಲೈಟ್ ಪ್ರತಿಬಿಂಬ ನೋಡಬೇಕು. ಮಂದವಾದ ಹಸಿರು ಅಥವಾ ನೇರಳೆ ಇದ್ದರೆ ಲೇಪನ ಇದೆ. ಬೆಳ್ಳಗೆ ಹೊಳೆದರೆ ಇಲ್ಲ. ಕನ್ನಡಿಯಂತೆ ಕೆಂಪಗೆ ಥಳಥಳಿಸುವ ಗಾಜು ನೋಡೋಕೆ ಆಕರ್ಷಕ, ಆದರೆ ಬರುವ ಬೆಳಕನ್ನೇ ವಾಪಸ್ ಕಳಿಸುತ್ತೆ. "ಫುಲ್ಲಿ ಮಲ್ಟಿ ಕೋಟೆಡ್" ಎಂದು ಬರೆದಿರುವುದು ಉತ್ತಮ.

6. ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸಬೇಕು. ಒಳಗೆ ಲಟಲಟ ಅಂದರೆ ವಾಪಸ್ ಕೊಡಬೇಕು. ಮಧ್ಯದ ಚಕ್ರ ಗಟ್ಟಿಯಾಗಿಯೂ ಇರಬಾರದು, ಸಡಿಲವಾಗಿಯೂ ಇರಬಾರದು.

7. ಕನ್ನಡಕದವರು ರಬ್ಬರ್ ಬಟ್ಟಲನ್ನು ಕೆಳಗೆ ಮಡಚಿ, ಕನ್ನಡಕ ಹಾಕಿಯೇ ನೋಡಬೇಕು. ಪೂರ್ತಿ ವೃತ್ತ ಕಾಣಬೇಕು. ಡಬ್ಬದ ಮೇಲೆ "ಐ ರಿಲೀಫ್" 15 ಮಿ.ಮೀ. ಅಥವಾ ಹೆಚ್ಚಿದ್ದರೆ ನೆಮ್ಮದಿ.

ಅಂಗಡಿಯವರಿಗೆ, ಕೊಳ್ಳುವವರಿಗೆ

ಚಷ್ಮಾ ಅಂಗಡಿ, ಮೊಬೈಲ್ ಅಂಗಡಿಯವರು ಎರಡು ಮಾದರಿ ತರಿಸಿ ಇಟ್ಟುಕೊಂಡರೆ ಬೇಡಿಕೆ ಬೆಟ್ಟ ಹತ್ತುವ ಹುಡುಗರಿಂದ ಮಾತ್ರವಲ್ಲ. ಶ್ರೀನಿವಾಸಪುರದ ಮಾವಿನ ತೋಟದವರಿಗೆ ದೂರದ ಸಾಲಿನಲ್ಲಿ ಗಿಳಿ ಹಿಂಡು ಇಳಿದಿದೆಯಾ ಎಂದು ನೋಡೋಕೆ, ಶಾಲೆಯ ಇಕೋ ಕ್ಲಬ್ಬಿಗೆ, ಕಾಡಂಚಿನ ರೈತರಿಗೆ ಉಪಯೋಗವಿದೆ. ಒಂದನ್ನು ಬಿಚ್ಚಿಟ್ಟು ಗಿರಾಕಿಗೆ ಬಾಗಿಲಲ್ಲಿ ನೋಡಲು ಕೊಟ್ಟರೆ ಆನ್‌ಲೈನಿಗೆ ಇಲ್ಲದ ಅನುಕೂಲ ಅಂಗಡಿಗೆ ಸಿಗುತ್ತೆ.

ಆಮದಾದ ಸಾಮಾನಿನ ಪೊಟ್ಟಣದ ಮೇಲೆ ಆಮದುದಾರನ ಹೆಸರು ವಿಳಾಸ, ಯಾವ ದೇಶದ್ದು, ತಿಂಗಳು ವರ್ಷ, ಗರಿಷ್ಠ ಮಾರಾಟ ಬೆಲೆ ಇರಬೇಕೆಂದು 2011ರ ಪೊಟ್ಟಣ ಸಾಮಗ್ರಿ ನಿಯಮ ಹೇಳುತ್ತೆ. ಇದಿಲ್ಲದ ಮಾಲು ಹೆಸರಾಂತ ಕಂಪನಿಯ ಚಿಹ್ನೆ ಹೊತ್ತಿದ್ದರೂ ನಕಲಿ ಇರಬಹುದು. ಬಿಲ್ಲು, ವಾರಂಟಿ ಕಾರ್ಡ್ ಎರಡನ್ನೂ ಪಡೆಯಬೇಕು. ಮೋಸ ಆಯಿತು ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ.

ಕಣ್ಣಿಗೆ ಹೊಂದಿಸುವ ಕ್ರಮ

ಹೊಸ ದುರ್ಬೀನು "ಸರಿ ಇಲ್ಲ" ಅಂತ ವಾಪಸ್ ತರುವವರಲ್ಲಿ ಹಲವರು ಹೊಂದಿಸದೇ ನೋಡಿದವರು. ಮೊದಲು ಎರಡು ಕೊಳವೆಯನ್ನು ಮಡಚಿ ಬಿಡಿಸಿ, ಎರಡು ವೃತ್ತ ಒಂದೇ ಆಗುವಂತೆ ಮಾಡಬೇಕು. ಬಲಗಣ್ಣು ಮುಚ್ಚಿ, ಎಡಗಣ್ಣಲ್ಲಿ ದೂರದ ಬೋರ್ಡ್ ನೋಡುತ್ತಾ ಮಧ್ಯದ ಚಕ್ರ ತಿರುಗಿಸಿ ಸ್ಪಷ್ಟ ಮಾಡಬೇಕು. ಆಮೇಲೆ ಎಡಗಣ್ಣು ಮುಚ್ಚಿ, ಅದೇ ಬೋರ್ಡನ್ನು ಬಲಗಣ್ಣಲ್ಲಿ ನೋಡುತ್ತಾ ಬಲಗಡೆಯ ಸಣ್ಣ ಬಳೆ ಮಾತ್ರ ತಿರುಗಿಸಬೇಕು. ಆ ಬಳೆಯ ಗುರುತು ನೆನಪಿಟ್ಟರೆ ಮುಂದೆ ಮಧ್ಯದ ಚಕ್ರವೊಂದೇ ಸಾಕು.

ಹಕ್ಕಿ ಕಂಡಾಗ ಕಣ್ಣು ಅದರ ಮೇಲಿಂದ ಕೀಳಬಾರದು. ನೋಟ ಹಾಗೇ ಇಟ್ಟು ದುರ್ಬೀನನ್ನು ಕಣ್ಣಿಗೆ ತರಬೇಕು. ಕೆಳಗೆ ನೋಡಿ ದುರ್ಬೀನು ಎತ್ತಿಕೊಂಡರೆ ಹಕ್ಕಿ ಮತ್ತೆ ಸಿಗಲ್ಲ.

ಒಂದು ಎಚ್ಚರಿಕೆ ಮಕ್ಕಳಿಗೂ ದೊಡ್ಡವರಿಗೂ: ದುರ್ಬೀನಿನಲ್ಲಿ ಸೂರ್ಯನನ್ನು ಕ್ಷಣಕ್ಕೂ ನೋಡಬಾರದು. ಕಣ್ಣಿನ ಪರದೆ ಸುಟ್ಟುಹೋಗುತ್ತೆ, ಹೋದ ದೃಷ್ಟಿ ವಾಪಸ್ ಬಾರದೇ ಇರಬಹುದು. ಸೂರ್ಯೋದಯ ನೋಡಲು ಬೆಟ್ಟ ಹತ್ತುವವರು ಇದನ್ನು ಜೊತೆಯವರಿಗೂ ಹೇಳಬೇಕು.

ಎಲ್ಲಿ ನೋಡಬಹುದು, ಎಲ್ಲಿ ಬೇಡ

ಕುರುಚಲು ಗಿಡ, ದೊಡ್ಡ ಬಂಡೆಗಳ ಬೆಟ್ಟಗಳು ಹಾವುಗಿಡುಗ, ಕೊಂಬಿನ ಗೂಬೆಯಂಥ ಹಕ್ಕಿಗಳ ತಾಣ. ದಕ್ಷಿಣ ಭಾರತದ ಕಲ್ಲುಬೆಟ್ಟಗಳಿಗೇ ಸೀಮಿತವಾದ ಹಳದಿ ಕೊರಳಿನ ಪಿಕಳಾರ ನೋಡಲು ಪಕ್ಕದ ನಂದಿಬೆಟ್ಟಕ್ಕೆ ದೂರದೂರದಿಂದ ಬರುತ್ತಾರೆ. ಕೆಜಿಎಫ್ ಸುತ್ತಿನ ಬಯಲಿನಲ್ಲಿ ಕೃಷ್ಣಮೃಗಗಳಿವೆ. ಹೆಸರು ಗುರುತಿಸಲು ಪೂರ್ಣಚಂದ್ರ ತೇಜಸ್ವಿಯವರ "ಹಕ್ಕಿ ಪುಕ್ಕ" ಪುಸ್ತಕ, ಫೋನಿನಲ್ಲಿ ಉಚಿತವಾಗಿ ಸಿಗುವ ಮರ್ಲಿನ್ ಆ್ಯಪ್ ಸಾಕು.

ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯ ಗುಹೆಗಳ ವಿಚಾರ ಮಾತ್ರ ಬೇರೆ. ಅಲ್ಲಿರುವ ಕೋಲಾರ ಎಲೆಮೂಗಿನ ಬಾವಲಿಯನ್ನು ವಿಜ್ಞಾನಿಗಳು 1994ರಲ್ಲಿ ಹೊಸ ಪ್ರಭೇದ ಎಂದು ದಾಖಲಿಸಿದರು. ಈ ಜಿಲ್ಲೆ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಅದು ಕಂಡುಬಂದಿಲ್ಲ. ಅಳಿವಿನ ತುದಿಯಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಟಾರ್ಚ್ ಹಿಡಿದು ಗುಹೆಗೆ ನುಗ್ಗಿದರೆ ಉಳಿದಿರುವಷ್ಟೂ ಬೆದರಿ ಹೋಗಬಹುದು. ಅಲ್ಲಿಗೆ ದುರ್ಬೀನೂ ಬೇಡ, ಭೇಟಿಯೂ ಬೇಡ.

ಬೆಟ್ಟದಲ್ಲಿ ದುರ್ಬೀನು ಜೀವ ಉಳಿಸುವ ಸಾಧನವೂ ಹೌದು. ಹತ್ತುವ ಮೊದಲು ಬಂಡೆಯ ಚಾಚು, ದೊಡ್ಡ ಮರಗಳ ಕೊಂಬೆಗಳನ್ನು ಒಮ್ಮೆ ನಿಧಾನಕ್ಕೆ ನೋಡಬೇಕು. ಹೆಜ್ಜೇನು ಕಟ್ಟಿದ್ದರೆ ಆ ದಾರಿ ಬಿಡಬೇಕು, ಕೆಳಗೆ ಕೂತು ಹೊಗೆ ಹಾಕುವುದು, ಕಲ್ಲು ಎಸೆಯುವುದು ಬೇಡವೇ ಬೇಡ. ಮಾಲೂರು, ಬಂಗಾರಪೇಟೆಯ ಗಡಿ ಊರುಗಳಿಗೆ ಆನೆ ಬಂದ ಸುದ್ದಿ ಇದ್ದಾಗ ಹತ್ತಿರ ಹೋಗಿ ಮೊಬೈಲ್‌ನಲ್ಲಿ ವಿಡಿಯೊ ಮಾಡುವ ಬದಲು ದೂರದ ಮಹಡಿಯಿಂದ ನೋಡಿ ಇಲಾಖೆಗೆ ತಿಳಿಸಬೇಕು. ಚಿರತೆ ಕಂಡರೂ ಅಷ್ಟೇ.

ಮೀಸಲು ಅರಣ್ಯದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕತ್ತಲಾಗುವ ಮೊದಲು ಇಳಿಯಬೇಕು.

ಬಾಳಿಕೆಗೆ

ಇಲ್ಲಿನ ಧೂಳಿನಲ್ಲಿ ಗಾಜನ್ನು ಟವೆಲ್ಲು, ಅಂಗಿ ತುದಿಯಲ್ಲಿ ಉಜ್ಜಿದರೆ ಗೀರು ಬೀಳುತ್ತೆ. ಮೊದಲು ಊದುವ ರಬ್ಬರ್ ಬುರುಡೆ ಅಥವಾ ಮೆತ್ತನೆ ಕುಂಚದಿಂದ ಧೂಳು ಹಾರಿಸಿ, ಆಮೇಲೆ ಕನ್ನಡಕ ಒರೆಸುವ ಬಟ್ಟೆ ಬಳಸಬೇಕು. ಮಳೆಗಾಲದಲ್ಲಿ ಒದ್ದೆ ಕವರಿನಲ್ಲಿ ಮುಚ್ಚಿಟ್ಟರೆ ಗಾಜಿಗೆ ಬೂಷ್ಟು ಹಿಡಿಯುತ್ತೆ. ಒಣಗಿಸಿ, ಸಿಲಿಕಾ ಜೆಲ್ ಪುಡಿಕೆ ಹಾಕಿದ ಡಬ್ಬದಲ್ಲಿ ಇಡಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬಾರದು. ಪಟ್ಟಿಯನ್ನು ಎದೆ ಮಟ್ಟಕ್ಕೆ ಗಿಡ್ಡ ಮಾಡಿದರೆ ಬಂಡೆಗೆ ಬಡಿಯಲ್ಲ.

ಗಾಯಗೊಂಡ ಪ್ರಾಣಿ, ಉರುಳು, ಬೇಟೆ ಕಂಡುಬಂದರೆ ಅರಣ್ಯ ಇಲಾಖೆ ಸಹಾಯವಾಣಿ 1926, ತುರ್ತು ಸಂದರ್ಭದಲ್ಲಿ 112.